ನಿಂತುಕೊಂಡೇ ಬಂದ ಕುದುರೆ

ನಮ್ಮ ದಾವಣಗೆರೆ ಕಡೆಯವರಿಗೆ ಸಮುದ್ರವೆಂದರೆ ಒಂದು ದಿನದ ಸಂಗತಿ. ಬೆಳಿಗ್ಗೆ ಹೋಗುವುದು, ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲು ನೆನೆಸಿಕೊಳ್ಳುವುದು, ದೇವಸ್ಥಾನದಲ್ಲಿ ಊಟ ಮಾಡಿ ಸಂಜೆಯ ಬಸ್ಸು ಹಿಡಿಯುವುದು. ಹನ್ನೆರಡು ದಿನ ಸಮುದ್ರದ ಪಕ್ಕದ ಹಳ್ಳಿಯಲ್ಲಿ ಇದ್ದು ಬಾ ಎಂದು ಯಾರಾದರೂ ಹೇಳಿದ್ದರೆ, ಅಷ್ಟು ದಿನ ಅಲ್ಲಿ ಮಾಡುವುದೇನು ಎಂದು ನಾನೇ ಕೇಳುತ್ತಿದ್ದೆ. ಆದರೆ ನನ್ನ ಜೊತೆ ಇಪ್ಪತ್ತು ವರ್ಷ ಹಿಂದಿ ಪಾಠ ಮಾಡಿದ ಗೆಳತಿ ಬಿಡಲಿಲ್ಲ. ಅವಳ ತವರುಮನೆ ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ, ತೋಟ ದಾಟಿದರೆ ಮರಳು, ಮರಳು ದಾಟಿದರೆ ನೀರು ಎನ್ನುವಂಥ ಜಾಗದಲ್ಲಿದೆ. "ಇಬ್ಬರಿಗೂ ಪೆನ್ಶನ್ ಬರ್ತದೆ, ಇಬ್ಬರ ಮಕ್ಕಳೂ ಬೆಂಗಳೂರು ಸೇರಿದ್ದಾರೆ, ಇನ್ನು ಯಾರ ಅಪ್ಪಣೆ ಬೇಕು ಮಾರಾಯ್ತಿ?" ಎಂದಳು. ಡಿಸೆಂಬರಿನಲ್ಲಿ ಹೊರಟೆವು.

ಮನೆಯಲ್ಲಿ ಅವಳ ಅಣ್ಣ, ಅತ್ತಿಗೆ, ಎಂಬತ್ತು ದಾಟಿದ ಅಮ್ಮ. ಆ ಅಮ್ಮನನ್ನು ಊರಿಗೆ ಊರೇ ಅಜ್ಜಿ ಎನ್ನುತ್ತದೆ, ನಾನೂ ಹಾಗೇ ಕರೆದೆ. ಬೆಳಿಗ್ಗೆ ತೆಳ್ಳೇವು, ಅದರ ಮೇಲೆ ಜೋನಿ ಬೆಲ್ಲ. ಅಂಗಳದ ತುಂಬ ಒಣಗಲು ಹರವಿದ ಕಾಳುಮೆಣಸು. ಹಸಿರಾಗಿದ್ದ ಕಾಳು ಎರಡು ದಿನದಲ್ಲಿ ಕಪ್ಪಗೆ ಸುಕ್ಕಾಗುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು. ವಿಜಯನಗರದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ಎಡಕ್ಕೆ ರಫ್ತು: ಮೆಣಸು, ಅಕ್ಕಿ, ಸಕ್ಕರೆ, ಬಟ್ಟೆ, ಬಲಕ್ಕೆ ಆಮದು: ಅರಬ್ಬೀ ಕುದುರೆ ಎಂದು ಬರೆಯುತ್ತಿದ್ದೆ. ಒಂದು ಅಂಕದ ಪ್ರಶ್ನೆ. ಬರೆದು ಕೈಯ ಸುಣ್ಣ ಒರೆಸಿಕೊಂಡರೆ ಮುಗಿಯಿತು.

ಮೂರನೆಯ ದಿನ ಬೆಳಿಗ್ಗೆ ಮರಳಿನ ಮೇಲೆ ಗೊರಸಿನ ಗುರುತು ಕಂಡಿತು. ಸ್ವಲ್ಪ ದೂರದಲ್ಲಿ ಕುದುರೆಯೇ ನಿಂತಿತ್ತು. ಕಂದು ಬಣ್ಣ, ಹಣೆಯ ಮೇಲೆ ಬಿಳಿಯ ಬೊಟ್ಟು, ಕುತ್ತಿಗೆಗೆ ಮದುವೆ ಮೆರವಣಿಗೆಯ ಮಾಸಲು ಗೊಂಡೆ. ಹಿಡಿದುಕೊಂಡವನು ಇಪ್ಪತ್ತೈದರ ಹುಡುಗ, ಮಾತು ಕೇಳುತ್ತಿದ್ದಂತೆ ಗದಗಿನ ಕಡೆಯವನೆಂದು ಗೊತ್ತಾಯಿತು. ಲಗ್ನದ ಕಾಲದಲ್ಲಿ ಮದುಮಗನನ್ನು ಹೊರುವ ಕುದುರೆಯಂತೆ. ರಜೆಯ ದಿನಗಳಲ್ಲಿ ಪ್ರವಾಸಿಗಳ ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸಲು ಘಟ್ಟ ಇಳಿಸಿಕೊಂಡು ಬಂದಿದ್ದ.

ನನಗೆ ಏನು ಹೊಳೆಯಿತೋ, "ಹೆಂಗ ತಂದೆಪ್ಪಾ ಇದನ್ನ ಇಲ್ಲೀತನಕ? ನಿಂತುಕೊಂಡು ಬಂತೋ, ಮಲಗಿಕೊಂಡು ಬಂತೋ?" ಎಂದು ಕೇಳಿಬಿಟ್ಟೆ.

ಅವನು ನಕ್ಕ. "ಟೆಂಪೋದಾಗ ರೀ ಅಮ್ಮಾರ. ನಿಂತ ಬರ್ತೈತಿ. ಗಾಡಿ ಓಡೂ ಮುಂದ ಮಲಗೂದಿಲ್ಲ ಅದು. ನಾನೂ ಅದರ ಕೂಡ ಹಿಂದ ನಿಂತಿರ್ತೀನಿ. ಇಲ್ಲಂದ್ರ ಹೆದರತೈತಿ."

ಆ ಪ್ರಶ್ನೆ ನನ್ನದಲ್ಲ. ಸುಮಾರು ಮೂವತ್ತು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದ್ದು. "ಟೀಚರ್, ಕುದುರೆ ಹಡಗಿನಾಗೆ ಹೆಂಗೆ ಬಂತು? ನಿಂತ್ಕೊಂಡಾ, ಮಲಕ್ಕೊಂಡಾ?" ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. "ಅದನ್ನು ಪರೀಕ್ಷೆಯಲ್ಲಿ ಕೇಳೋದಿಲ್ಲ, ಕೂತ್ಕೋ" ಎಂದೆ. ಅವಳು ಕೂತಳು. ಮತ್ತೆ ಯಾವತ್ತೂ ಏನನ್ನೂ ಕೇಳಲಿಲ್ಲ. ಹತ್ತನೆಯ ತರಗತಿಗೆ ಅವಳು ಬರಲೇ ಇಲ್ಲ, ಮದುವೆಯಾಯಿತೆಂದು ಉಳಿದ ಹುಡುಗಿಯರು ಹೇಳಿದರು. ನಿಜ ಹೇಳಬೇಕೆಂದರೆ ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕಿಂತ ಪರೀಕ್ಷೆಯ ಹೆಸರು ಹೇಳುವುದು ಸುಲಭ, ಮೇಷ್ಟರುಗಳಿಗೆ ಇದು ಗೊತ್ತು.

ಉತ್ತರ ಪುಸ್ತಕದಲ್ಲಿಯೇ ಇತ್ತು. ನಿವೃತ್ತಿಯ ಮೇಲೆ ಓದಿದೆ. 13ನೆಯ ಶತಮಾನದ ಕೊನೆಯಲ್ಲಿ ತಿರುಗಾಡಿದ ವೆನಿಸ್‌ನ ಮಾರ್ಕೊ ಪೋಲೊ, ಪರ್ಷಿಯಾ ಕೊಲ್ಲಿಯ ಬಾಯಿಯಲ್ಲಿರುವ ಹೊರ್ಮುಜ್ ಬಂದರಿನ ಹಡಗುಗಳನ್ನು ಕಂಡು ಬೆದರಿದ್ದ. ಕಬ್ಬಿಣದ ಮೊಳೆ ಇಲ್ಲ, ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದ ಹಡಗುಗಳು. ಒಂದು ಕೂವೆ, ಒಂದು ಹಾಯಿ. ಮೇಲೆ ಅಟ್ಟವೂ ಇಲ್ಲ. ಸರಕನ್ನು ತುಂಬಿ, ಅದರ ಮೇಲೆ ತೊಗಲು ಹೊದಿಸಿ, ಆ ತೊಗಲಿನ ಮೇಲೆ ಹಿಂದೂಸ್ಥಾನಕ್ಕೆ ಮಾರಲು ಒಯ್ಯುವ ಕುದುರೆಗಳನ್ನು ಏರಿಸುತ್ತಿದ್ದರು ಎಂದು ಬರೆದಿದ್ದಾನೆ. ಅಂದರೆ ಖರ್ಜೂರದ ಮೂಟೆಯ ಮೇಲೋ ಉಪ್ಪಿನ ಮೂಟೆಯ ಮೇಲೋ, ಜಾರುವ ತೊಗಲಿನ ಮೇಲೆ, ಬಯಲಿನಲ್ಲಿ!

ಆ ಹುರಿಯೇ ನೋಡಿ. ತೆಂಗಿನಕಾಯಿಯ ಸಿಪ್ಪೆಯನ್ನು ಉಪ್ಪು ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ನಾರು ತೆಗೆದು ಹೊಸೆದದ್ದು. ಕರಾವಳಿಯಲ್ಲಿ ಅದಕ್ಕೆ ಕತ್ತ ಎನ್ನುತ್ತಾರೆ. ಹೊರ್ಮುಜಿನ ಮರಳುಗಾಡಿನಲ್ಲಿ ತೆಂಗು ಎಲ್ಲಿಂದ ಬರಬೇಕು? ಮಾಲ್ಡೀವ್ಸ್ ದ್ವೀಪಗಳ ಕತ್ತದ ಹುರಿ ಯೆಮನ್, ಭಾರತ, ಚೀನಾಗಳಿಗೆ ಹೋಗುತ್ತಿತ್ತು, ಅದರಿಂದ ಹಡಗು ಹೊಲಿಯುತ್ತಿದ್ದರು ಎಂದು ಇಬ್ನ್ ಬತೂತ ಬರೆದಿದ್ದಾನೆ. ಗೆಳತಿಯ ಮನೆಯ ಅಜ್ಜಿಯೂ ಬಾಲ್ಯದಲ್ಲಿ ನೆರೆಯ ಹೆಂಗಸರು ಹೊಳೆಯ ದಂಡೆಯಲ್ಲಿ ಸಿಪ್ಪೆ ಬಡಿಯುವುದನ್ನು ನೋಡಿದವಳು. ಆ ವಾಸನೆ ಸೀರೆಯಿಂದ ಎಂಟು ದಿನವಾದರೂ ಹೋಗುತ್ತಿರಲಿಲ್ಲವಂತೆ.

ಪ್ರಯಾಣ ಎಷ್ಟು ದಿನ? ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ 1469ರ ಸುಮಾರಿಗೆ ಹೊರ್ಮುಜಿನಿಂದ ಒಂದೇ ಒಂದು ಗಂಡು ಕುದುರೆ ಕಟ್ಟಿಕೊಂಡು ಮಹಾರಾಷ್ಟ್ರದ ಚೌಲ್ ಬಂದರಿಗೆ ಬಂದ. ಆರು ವಾರ ಸಮುದ್ರದ ಮೇಲೆ ಇದ್ದೆ ಎನ್ನುತ್ತಾನೆ. ಅವನ ಪಾಡು ಕೇಳಿ. ಜುನ್ನಾರಿನ ಖಾನನು ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕುದುರೆಯನ್ನೂ ಕೊಡುತ್ತೇನೆ, ಹಣವನ್ನೂ ಕೊಡುತ್ತೇನೆ ಎಂದ. ಯಾರೋ ಪುಣ್ಯಾತ್ಮರು ನಡುವೆ ಬಂದು ಬಿಡಿಸಿದರು. ಕೊನೆಗೆ ಅದನ್ನು ಮಾರಿದ್ದು ನಮ್ಮ ಬೀದರಿನಲ್ಲಿ, ಅಷ್ಟರಲ್ಲಿ ಅದರ ಮೇವಿಗೇ ಅವನ ಗಂಟು ಕರಗಿತ್ತು. ಈ ದೇಶದಲ್ಲಿ ಕುದುರೆಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದು ಬೆರಗಾಗಿ ಬರೆದಿದ್ದಾನೆ. ಯಾರು ಬೇಯಿಸಿದರು ಎಂದು ಬರೆದಿಲ್ಲ, ಒಲೆಯ ಮುಂದಿದ್ದವರನ್ನು ಪ್ರವಾಸಿಗಳು ನೋಡುವುದು ಅಪರೂಪ.

ಇನ್ನೊಂದು ವಿಷಯ ನನ್ನ ತಂಗಿಯ ಮಗ, ಪಶುವೈದ್ಯ, ಹೇಳಿದ್ದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲವಂತೆ, ಅದರ ಅನ್ನನಾಳದ ಕಟ್ಟೇ ಹಾಗೆ. 1442ರಲ್ಲಿ ತೈಮೂರನ ಮಗ ಶಾರೂಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ ಹೊರ್ಮುಜಿನಲ್ಲಿ ಹಡಗು ಹತ್ತಿದವನು, ಅದರ ವಾಸನೆಗೇ ಮೂರ್ಛೆ ಹೋಗಿ ಮೂರು ದಿನ ಬಿದ್ದಿದ್ದೆ ಎಂದು ತಾನೇ ಹೇಳಿಕೊಂಡಿದ್ದಾನೆ. ಮನುಷ್ಯನಾದ್ದರಿಂದ ಬರೆದ, ನಾವು ಓದಿ ಮರುಗಿದೆವು. ಈ ರಜಾಕ್ ವಿಜಯನಗರವನ್ನು ಕಂಡು ಹಿಂದಿರುಗುವಾಗ, 1444ರ ಜನವರಿಯಲ್ಲಿ, ಮೂಡಣ ಗಾಳಿ ಹಿಡಿದು ಹೊರ್ಮುಜಿಗೆ ಹೊರಟದ್ದು ನಾನು ಬಸ್ಸು ಬದಲಿಸಿದ ಇದೇ ಹೊನ್ನಾವರದಿಂದ.

ಹೊನ್ನಾವರದ ಬಗ್ಗೆ ನನಗೆ ಹೊಟ್ಟೆಕಿಚ್ಚೂ ಹೆಮ್ಮೆಯೂ ಆಗುವ ಇನ್ನೊಂದು ಮಾತಿದೆ. ಇಬ್ನ್ ಬತೂತ 1340ರ ದಶಕದಲ್ಲಿ ಇಲ್ಲಿಗೆ ಬಂದಾಗ ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಇದ್ದವಂತೆ. ಬೇರೆಲ್ಲೂ ಇಂಥದನ್ನು ಕಂಡಿಲ್ಲ ಎಂದು ಲೋಕ ಸುತ್ತಿದ ಆ ಮನುಷ್ಯನೇ ಹೇಳುತ್ತಾನೆ. ಇಲ್ಲಿನ ಹೆಂಗಸರಿಗೆ ಕುರಾನು ಬಾಯಿಪಾಠ, ಮೂಗಿಗೆ ಚಿನ್ನದ ನತ್ತು, ಹೊಲಿಯದ ಬಟ್ಟೆಯನ್ನೇ ಉಡುತ್ತಾರೆ, ಅಂದರೆ ಸೀರೆಯೇ ತಾನೆ! ಹದಿಮೂರು ಹೆಣ್ಣುಮಕ್ಕಳ ಶಾಲೆಗಳು, ಅದೂ ಸುಮಾರು ಏಳುನೂರು ವರ್ಷದ ಹಿಂದೆ. ಇದನ್ನು ನಾನು ಬೋರ್ಡಿನ ಮೇಲೆ ಒಂದು ದಿನವೂ ಬರೆಯಲಿಲ್ಲ.

ಐದನೆಯ ದಿನ ಭಟ್ಕಳಕ್ಕೆ ಹೋದೆವು. ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ 16ನೆಯ ಶತಮಾನದ್ದು. ಕಲ್ಲನ್ನು ಮರದಂತೆ ಕೊರೆದಿದ್ದಾರೆ, ಮಳೆಯ ನಾಡಿಗೆ ತಕ್ಕಂತೆ ಇಳಿಜಾರಿನ ಕಲ್ಲು ಮಾಡು. ಒಬ್ಬ ವ್ಯಾಪಾರಿಯ ಹೆಸರಿನ ದೇವಸ್ಥಾನ ಎನ್ನುವುದೇ ಈ ಊರಿನ ಸ್ವಭಾವ ತಿಳಿಸುತ್ತದೆ. ಅಲ್ಲಿಂದ ಶರಾಬಿ ಹೊಳೆಯ ಹತ್ತಿರ ಹೋದರೆ, ಹೂಳು ತುಂಬಿ ಸಣ್ಣದಾಗಿ ಹರಿಯುತ್ತಿದೆ. ಈ ನೀರಿನಿಂದಲೇ ಬಂದರಿನ ಸರಕು ಒಳಗೆ ಬರುತ್ತಿದ್ದದ್ದು ಎಂದು ನಂಬಲು ಸ್ವಲ್ಪ ಹೊತ್ತು ಬೇಕು. ಘಟ್ಟದ ಮೇಲಿನಿಂದ ಭಟ್ಕಳಕ್ಕೆ ಸಾವಿರಾರು ಹೇರೆತ್ತುಗಳು ಸಾಲುಗಟ್ಟಿ ಬರುತ್ತಿದ್ದವೆಂದು 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಜ ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ಎತ್ತುಗಳು ಅಕ್ಕಿ, ಮೆಣಸು ಹೊತ್ತು ಇಳಿಯುತ್ತಿದ್ದ ದಾರಿಯಲ್ಲೇ ಕುದುರೆಗಳು ಏರಬೇಕು. ಆರು ವಾರ ನಿಂತು ಜೋಮು ಹಿಡಿದ ಕಾಲುಗಳಲ್ಲಿ ಘಟ್ಟ!

ಭಟ್ಕಳದ ನವಾಯತರು ಇಲ್ಲಿಗೆ ವ್ಯಾಪಾರಕ್ಕೆ ಬಂದು ನೆಲೆಸಿದ ಅರಬರ ಸಂತತಿ ಎಂದು ಹೇಳಿಕೊಳ್ಳುತ್ತಾರೆ, ಅವರದೇ ನವಾಯತಿ ಭಾಷೆ ಇದೆ. ಕುದುರೆಯ ವ್ಯಾಪಾರ ಇಂಥವರ ಕೈಯಲ್ಲಿತ್ತು. ಒಂದು ಕಹಿ ಸಂಗತಿಯನ್ನೂ ಹೇಳಲೇಬೇಕು. 15ನೆಯ ಶತಮಾನದ ಎರಡನೆಯ ಭಾಗದಲ್ಲಿ, ಇಲ್ಲಿನ ವ್ಯಾಪಾರಿಗಳು ಬಹಮನಿ ಸುಲ್ತಾನರಿಗೆ ಕುದುರೆ ಮಾರಿದರೆಂಬ ಸಿಟ್ಟಿಗೆ ವಿಜಯನಗರದ ಅರಸು ಅವರನ್ನು ಕೊಲ್ಲಿಸಿದ, ಉಳಿದವರು ಗೋವೆಗೆ ಓಡಿದರು ಎಂದು ಪೋರ್ಚುಗೀಜ ಇತಿಹಾಸಕಾರರು ದಾಖಲಿಸಿದ್ದಾರೆ. ಮುಂದೆ 1510ರಲ್ಲಿ ಗೋವೆ ಪೋರ್ಚುಗೀಜರ ಕೈಸೇರಿತು, ಕುದುರೆಯ ಬೀಗದ ಕೈಯೂ ಅವರದೇ ಸೊಂಟಕ್ಕೆ ಹೋಯಿತು. 1547ರಲ್ಲಿ ಸದಾಶಿವರಾಯರ ಕಾಲದಲ್ಲಿ ಅವರೊಂದಿಗೆ ಆದ ಕರಾರಿನಲ್ಲಿ ಕುದುರೆ ನಮಗೇ ಕೊಡಬೇಕು, ಬಿಜಾಪುರದವರಿಗೆ ಕೊಡಬಾರದು ಎಂಬ ಷರತ್ತಿದೆ. ನೆರೆಮನೆಗೆ ಹಾಲು ಹಾಕಬೇಡ ಎಂದು ಗೌಳಿಗೆ ಹೇಳಿದ ಹಾಗೆ.

ಯಾಕೆ ಇಷ್ಟು ಹಂಬಲ? ಕುದುರೆ ಇಲ್ಲಿ ಬದುಕುತ್ತಿರಲಿಲ್ಲ, ಅದಕ್ಕೆ. ಈ ಸೆಕೆ, ಈ ತೇವ, ಈ ಮೇವು ಅದಕ್ಕೆ ಒಗ್ಗದು. ತಮಿಳು ಕರಾವಳಿಯಲ್ಲಿ ಕುದುರೆಗೆ ಅನ್ನದ ಜೊತೆ ಮಾಂಸ ಬೇಯಿಸಿ ತಿನ್ನಿಸುತ್ತಾರೆ, ಲಾಳ ಕಟ್ಟುವವರಿಲ್ಲ, ವರ್ಷ ಕಳೆಯುವುದರೊಳಗೆ ಎಷ್ಟೋ ಸಾಯುತ್ತವೆ, ಇಲ್ಲಿ ಹುಟ್ಟಿದ ಮರಿ ಸೊಟ್ಟಕಾಲಿನದಾಗುತ್ತದೆ ಎಂದು ಪೋಲೊ ಹೇಳಿದ್ದಾನೆ. ಮಾರುವವರೇ ಲಾಳಗಾರರು ಇತ್ತ ಬರದಂತೆ ತಡೆಯುತ್ತಿದ್ದರಂತೆ, ಸತ್ತಷ್ಟೂ ಮಾರಾಟ ತಾನೆ! ಆದರೆ ಯುದ್ಧದಲ್ಲಿ ಕುದುರೆ ಬೇಕೇ ಬೇಕು. ಸ್ವತಃ ಕುದುರೆ ವ್ಯಾಪಾರ ಮಾಡಿದ, 1535ರ ಸುಮಾರಿಗೆ ವಿಜಯನಗರದ ಚರಿತ್ರೆ ಬರೆದ ಫೆರ್ನಾವ್ ನೂನಿಜ್ ಹೇಳುವ ಲೆಕ್ಕದಲ್ಲಿ ಕೃಷ್ಣದೇವರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು. ಒಳ್ಳೆಯವನ್ನು ಲಾಯಕ್ಕೆ ಇಟ್ಟುಕೊಂಡು ಉಳಿದವನ್ನು ನಾಯಕರಿಗೆ ಮಾರಿ ಲಾಭ ಮಾಡಿಕೊಳ್ಳುತ್ತಿದ್ದರೆಂದೂ ಸೇರಿಸುತ್ತಾನೆ. ಪಠ್ಯಪುಸ್ತಕದ ಚಕ್ರವರ್ತಿ ಅಂಗಡಿಯನ್ನೂ ಇಟ್ಟಿದ್ದ ಎಂಬುದು ಓದಿದಾಗ ನನಗೇನೂ ಬೇಸರವಾಗಲಿಲ್ಲ, ಮನೆ ನಡೆಸಿದವರಿಗೆ ಅರ್ಥವಾಗುವ ಮಾತು ಅದು.

ನನ್ನ ಮನಸ್ಸನ್ನು ಹಿಡಿದದ್ದು ನೂನಿಜ್ ಹೇಳುವ ಇನ್ನೊಂದು ವಿಷಯ. ಅದಕ್ಕೂ ಮುಂಚೆ ಆಳಿದ ಸಾಳುವ ನರಸಿಂಹ, ಹೊರ್ಮುಜ್ ಮತ್ತು ಏಡನ್ನಿನ ಕುದುರೆಗಳನ್ನು ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದ. ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯೇ ಸಿಗುತ್ತಿತ್ತು. ಗೆಳತಿಗೆ ಹೇಳಿದಾಗ "ಎಷ್ಟು ಜನ ಎರಡೆರಡು ಬಾಲ ತಂದರೋ!" ಎಂದು ನಕ್ಕಳು. ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಬಾಲ ಕತ್ತರಿಸಿಕೊಂಡು ಉಳಿದ ದೇಹವನ್ನು ನೀರಿಗೆ ತಳ್ಳಿದರಲ್ಲ, ಆ ಕುದುರೆಯ ಪಕ್ಕದಲ್ಲಿ ಆರು ವಾರ ನಿಂತಿದ್ದ ಹುಡುಗ ಯಾರು? "ನಾನೂ ಅದರ ಕೂಡ ನಿಂತಿರ್ತೀನಿ" ಎನ್ನುವಂಥವನು ಒಬ್ಬ ಇದ್ದೇ ಇರಬೇಕು. ಕುದುರೆಗೆ ಬೆಲೆ ಇತ್ತು, ಬಾಲಕ್ಕೂ ಇತ್ತು. ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆಯ ಮೇಲೆ ಸಾಲಾಗಿ ಕುದುರೆಗಳೂ ಅವುಗಳ ಲಗಾಮು ಹಿಡಿದು ನಡೆಯುವವರೂ ಇದ್ದಾರೆ. ಮೂರು ಸಲ ಶಾಲೆಯ ಪ್ರವಾಸ ಕರೆದುಕೊಂಡು ಹೋಗಿ ಮಕ್ಕಳನ್ನು ಎಣಿಸುವುದರಲ್ಲೇ ಕಳೆದ ನಾನು ಆ ಮುಖಗಳನ್ನು ಸರಿಯಾಗಿ ನೋಡಿಲ್ಲ.

ಎಂಟನೆಯ ದಿನ ಗೇರುಸೊಪ್ಪೆ. ಶರಾವತಿಯ ದಡದ ಕಾಡಿನ ನಡುವೆ, ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕು ದಿಕ್ಕಿಗೂ ಮುಖ ಮಾಡಿದ ಜಿನರು. ಸುತ್ತ ಒಂದು ರಾಜಧಾನಿ ಇತ್ತೆನ್ನಲು ಉಳಿದದ್ದು ಕಲ್ಲು, ಬೇರು, ಒದ್ದೆ ಎಲೆಯ ವಾಸನೆ. ಇಲ್ಲಿ ಚೆನ್ನಭೈರಾದೇವಿ ಐವತ್ತಕ್ಕೂ ಹೆಚ್ಚು ವರ್ಷ ಆಳಿದಳು, 1552ರಿಂದ 1606ರವರೆಗೆ ಎಂಬುದು ಇತಿಹಾಸಕಾರರ ಲೆಕ್ಕ. ಪೋರ್ಚುಗೀಜರು ಅವಳನ್ನು ಕಾಳುಮೆಣಸಿನ ರಾಣಿ ಎಂದರು. ಅವಳೊಂದಿಗೆ ಕಾದಿದರು, ಅವಳಿಂದಲೇ ಮೆಣಸೂ ಕೊಂಡರು. ಕೊನೆಗೆ ಇಕ್ಕೇರಿಯ ವೆಂಕಟಪ್ಪ ನಾಯಕ ಅವಳ ರಾಜ್ಯವನ್ನು ಗೆದ್ದ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಇಲ್ಲಿಗೆ ಬಂದು, ಅರಮನೆ ಆಗಲೇ ಪಾಳುಬಿದ್ದು ಮರ ಬೆಳೆದಿದ್ದನ್ನು ಕಂಡ. ಹಾಳಾದದ್ದು ಹೇಗೆ ಎಂದು ಕೇಳಿ ಬರೆದುಕೊಂಡದ್ದು ಮಾತ್ರ ಒಂದು ಪ್ರೇಮದ ಕಥೆ! ರಾಣಿ ಯಾರೋ ಪರಸ್ಥಳದವನಿಗೆ ಮನಸ್ಸು ಕೊಟ್ಟಳಂತೆ, ಅಧಿಕಾರ ಕೊಟ್ಟಳಂತೆ, ಅವನು ದ್ರೋಹ ಮಾಡಿದನಂತೆ. ಐವತ್ತು ವರ್ಷ ಬಂದರು, ಮೆಣಸು, ಸುಂಕ, ಪೋರ್ಚುಗೀಜರು, ನೆರೆಯ ನಾಯಕರು ಎಲ್ಲವನ್ನೂ ಸಂಭಾಳಿಸಿದ ಹೆಂಗಸು ಸೋತದ್ದಕ್ಕೆ ಜನರಿಗೆ ಸಿಕ್ಕ ಕಾರಣ ಇದು. ನಮ್ಮ ಸ್ಟಾಫ್‌ರೂಮಿನಲ್ಲೂ ಹೆಡ್‌ಮಿಸ್ಸುಗಳ ಬಗ್ಗೆ ಕೇಳಿದ ಧಾಟಿಯೇ ಎನ್ನಿಸಿತು. ಅದೇ ನೂನಿಜ್, ವಿಜಯನಗರದ ಅರಮನೆಯಲ್ಲಿ ಖರ್ಚಿನ ಲೆಕ್ಕ ಬರೆಯುವ ಹೆಂಗಸರು, ರಾಜ್ಯದ ಆಗುಹೋಗು ಬರೆದು ಹೊರಗಿನ ಕರಣಿಕರ ಪುಸ್ತಕದೊಂದಿಗೆ ತಾಳೆ ನೋಡುವ ಹೆಂಗಸರು ಇದ್ದರೆಂದು ಬರೆದಿದ್ದಾನೆ. ಆ ಪುಸ್ತಕಗಳು ಒಂದಾದರೂ ಉಳಿದಿದ್ದರೆ, ಕುದುರೆಗೆ ದಿನಕ್ಕೆ ಎಷ್ಟು ಹುರುಳಿ ಎಂಬುದೂ ಅದರಲ್ಲಿ ಇರುತ್ತಿತ್ತು.

ಹಿಂದಿರುಗುವ ಹಿಂದಿನ ದಿನ, ತೆಳ್ಳೇವು ತಿನ್ನುತ್ತಾ, "ನಾನು ಇವತ್ತು ಕುದುರೆ ಹತ್ತುತ್ತೇನೆ" ಎಂದೆ. ಗೆಳತಿ ಬಾಯಿ ತೆರೆದಳು. ಅಣ್ಣ ಪೇಪರಿನ ಹಿಂದೆ ಅಡಗಿದರು. "ಟೀಚರ್, ಸೀರೆಯಲ್ಲಿ ಹೇಗೆ?" ಎಂದರು ಅತ್ತಿಗೆ. ನನ್ನದು ಅರವತ್ತೆರಡು ವರ್ಷದ ಶರೀರ, ಚೂಡಿದಾರ ಹಾಕಿ ಅಭ್ಯಾಸವಿಲ್ಲ. ಆಗ ಅಜ್ಜಿ ಎದ್ದಳು. "ಕಚ್ಚೆ ಹಾಕಿದ್ರೆ ಆಯ್ತು, ಬಾ ಇಲ್ಲಿ" ಎಂದು ಒಳಗೆ ಕರೆದುಕೊಂಡು ಹೋಗಿ, ನೆರಿಗೆಯ ಚುಂಗನ್ನು ಕಾಲ ನಡುವಿನಿಂದ ಹಿಂದಕ್ಕೆಳೆದು ಸಿಕ್ಕಿಸಿದಳು. ಆ ಬೆರಳುಗಳಿಗೆ ಎಂಬತ್ತು ವರ್ಷವೆಂದು ಯಾರೂ ಹೇಳರು. ನನ್ನ ಅಜ್ಜಿ ಹೊಲಕ್ಕೆ ಹೋಗುವಾಗ ಹೀಗೆಯೇ ಉಡುತ್ತಿದ್ದಳು. ಅಡುಗೆಮನೆಯಲ್ಲಿ ಸಾರಿಗೆ ಕಟ್ಟು ಬಸಿದ ಹುರುಳಿ ಇತ್ತು. ಅದನ್ನು ಬಾಳೆಯೆಲೆಯಲ್ಲಿ ಕಟ್ಟಿ ಕೈಗೆ ಕೊಟ್ಟು, "ಹತ್ತುವ ಮೊದಲು ಕೊಡಬೇಡ, ಇಳಿದ ಮೇಲೆ ಕೊಡು" ಎಂದಳು.

ಹುಡುಗ ಮೆಟ್ಟಿಲಿನ ಹಾಗೆ ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟ. "ಜೀನ ಹಿಡೀರಿ. ರಿಕಾಪಿನ್ಯಾಗ ಎಡಗಾಲ ಇಡ್ರಿ. ಲಗಾಮ ಎಳೀಬ್ಯಾಡ್ರಿ, ಅದಕ್ಕ ಬಾಯಿ ನೋಯ್ತೈತಿ." ಜೀನು, ರಿಕಾಪು, ಲಗಾಮು, ಲಾಳ, ಸವಾರಿ: ಹುಡುಗನ ಬಾಯಿಂದ ಉದುರಿದ ಮಾತೆಲ್ಲ ಪಾರಸಿ, ಅರಬ್ಬೀ ಮೂಲದವು. ಹಲ್ಲಣ, ಕಡಿವಾಣ ನಮ್ಮಲ್ಲಿ ಮೊದಲೇ ಇದ್ದವು, ಇಲ್ಲವೆಂದಲ್ಲ. ಆದರೆ ಕುದುರೆಯ ಜೊತೆ ನಿಂತು ಬಂದವರು ಯಾರೋ ತಮ್ಮ ಮಾತನ್ನೂ ತಂದು, ಗದಗಿನ ಈ ಹುಡುಗನ ನಾಲಿಗೆಯ ತನಕ ಮುಟ್ಟಿಸಿದ್ದಾರೆ.

ಹತ್ತಿದೆ. ಎರಡನೆಯ ಪ್ರಯತ್ನಕ್ಕೆ. ಕೆಳಗಿನಿಂದ ಕಾಣುವ ಕುದುರೆಯೇ ಬೇರೆ, ಮೇಲಿನಿಂದ ಕಾಣುವುದೇ ಬೇರೆ. ಅದರ ಕಿವಿಗಳೆರಡು ಬೇರೆಬೇರೆ ಕಡೆಗೆ ತಿರುಗುತ್ತಿದ್ದವು, ಒಂದು ಅಲೆಯ ಕಡೆ, ಒಂದು ನನ್ನ ಕಡೆ. ನನಗೆ ಪೂರ್ತಿ ಭಯ. ಮೀನುಗಾರರ ದೋಣಿಗಳನ್ನು ದಾಟಿ, ಬಂಡೆಯ ತನಕ ಹೋಗಿ ತಿರುಗಿ ಬಂದೆವು. ನಡುವೆ ಒಂದು ದೊಡ್ಡ ಅಲೆ ಗೊರಸಿನ ಕೆಳಗಿನ ಮರಳನ್ನು ಎಳೆದಾಗ ಕುದುರೆ ಗಕ್ಕನೆ ನಿಂತು, ನಾಲ್ಕೂ ಕಾಲು ಅಗಲಿಸಿ ಮೈ ಬಿಗಿ ಹಿಡಿಯಿತು. ನನ್ನ ಕಾಲಿನ ಕೆಳಗೆ ಅದರ ಪಕ್ಕೆಗಳು ನಡುಗಿದ್ದು ಗೊತ್ತಾಯಿತು. ಹುಡುಗ ಅದರ ಕುತ್ತಿಗೆಗೆ ಹಣೆ ಹಚ್ಚಿ ಏನೋ ಹೇಳಿದ. ತೊಗಲು ಹೊದಿಸಿದ ಮೂಟೆಗಳ ಮೇಲೆ ಹೀಗೆಯೇ ನಿಂತಿತ್ತಮ್ಮಾ ಎಂದು ಆ ಎರಡನೆಯ ಬೆಂಚಿನ ಹುಡುಗಿಗೆ ಹೇಳಬಹುದಿತ್ತು. ಅವಳಿಗೆ ಈಗ ನಲವತ್ತೈದರ ಹತ್ತಿರ ಆಗಿರಬೇಕು. ಹೆಸರು ನೆನಪಿದೆ, ಗಂಡನ ಊರು ಗೊತ್ತಿಲ್ಲ.

ಇಳಿದ ಮೇಲೆ ಬಾಳೆಯೆಲೆ ಬಿಚ್ಚಿದೆ. ಕುದುರೆ ನನ್ನ ಅಂಗೈಯನ್ನು ಮೂಸಿ, ಬೆಚ್ಚಗಿನ ತುಟಿಯಿಂದ ಒಂದೊಂದೇ ಕಾಳನ್ನು ಬಾಚಿತು. ಒಂದನ್ನೂ ಮರಳಿಗೆ ಬೀಳಿಸಲಿಲ್ಲ. "ಎಷ್ಟಪ್ಪಾ?" ಎಂದೆ.

"ಒಂದ ಸುತ್ತಿಗೆ ನೂರ್ರಿ," ಎಂದ ಹುಡುಗ. ಆಮೇಲೆ ಬಾಳೆಯೆಲೆಯನ್ನು ನೋಡಿ, "ಹುರಳಿ ತಂದೀರಿ, ಐವತ್ತ ಕೊಡ್ರಿ" ಎಂದ.

ನೂರೇ ಕೊಟ್ಟೆ. ತಿಂದು ಮುಗಿದ ಮೇಲೂ ಅದು ಎಲೆಯನ್ನು ನೆಕ್ಕುತ್ತಿತ್ತು.